ಕಲಬುರಗಿ ಬಿಟ್ಟು ಕರಾವಳಿಯಲ್ಲಿ ರೊಟ್ಟಿ ಖಾನಾವಳಿ ತೆರೆಯುವ ಯೋಚನೆ: ತಿಳಿದವರು ಹೇಳಬೇಕು

ಪ್ರಶ್ನೆ: ಗಂಜ್ ಗುಮಾಸ್ತ (ಕಲಬುರಗಿ)

ಎಲ್ಲರಿಗೂ ಶರಣು ಶರಣಾರ್ಥಿ.

ನಾನು ಕಲಬುರಗಿಯ ಗಂಜ್ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ 14 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಸಂಬಳ 19 ಸಾವಿರ ರೂಪಾಯಿ. ನನ್ನ ಮನೆಯವರು ಇಬ್ಬರು ಕೆಲಸದ ಹೆಣ್ಣುಮಕ್ಕಳನ್ನು ಜೊತೆಗಿಟ್ಟುಕೊಂಡು ಮನೆಯಲ್ಲಿಯೇ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ತಯಾರಿಸಿ ಸೂಪರ್ ಮಾರ್ಕೆಟ್ ಕಡೆಯ ನಾಲ್ಕು ಅಂಗಡಿಗಳಿಗೆ ಕೊಡುತ್ತಾರೆ. ಖರ್ಚು ಕಳೆದು ತಿಂಗಳಿಗೆ ಸುಮಾರು 11 ಸಾವಿರ ಉಳಿಯುತ್ತದೆ. ತೊಗರಿ ಆವಕ ಇರುವ ತಿಂಗಳುಗಳನ್ನು ಬಿಟ್ಟರೆ ಮಿಲ್ಲು ಈಗ ಅರ್ಧ ದಿನ ನಡೆದರೆ ಹೆಚ್ಚು. ಹೀಗಾಗಿ ಸ್ವಂತದ್ದೊಂದು ಉದ್ಯೋಗ ಕಟ್ಟಿಕೊಳ್ಳಬೇಕೆಂಬ ವಿಚಾರ ಎರಡು ವರ್ಷಗಳಿಂದ ತಲೆಯಲ್ಲಿದೆ.

ಕಳೆದ ಡಿಸೆಂಬರಿನಲ್ಲಿ ಆಳಂದ ತಾಲ್ಲೂಕಿನ ನಮ್ಮ ಊರಿನವರೊಂದಿಗೆ ಟೆಂಪೊ ಮಾಡಿಕೊಂಡು ಗೋಕರ್ಣ, ಮುರುಡೇಶ್ವರ, ಕೊಲ್ಲೂರು, ಧರ್ಮಸ್ಥಳ ಯಾತ್ರೆಗೆ ಹೋಗಿದ್ದೆವು. ಮನೆಯಿಂದ ಕಟ್ಟಿಕೊಂಡು ಹೋದ ಬುತ್ತಿ ಎರಡನೆಯ ದಿನಕ್ಕೆ ತೀರಿತು. ನಮ್ಮ ತಾಯಿಯವರಿಗೆ 72 ವರ್ಷ. ರೊಟ್ಟಿ ಇಲ್ಲದೆ ಅನ್ನ ಎಷ್ಟು ಉಂಡರೂ ಅವರಿಗೆ ಊಟವಾದಂತೆ ಆಗುವುದಿಲ್ಲ. ಕುಂದಾಪುರದ ಒಂದು ಹೋಟೆಲಿನಲ್ಲಿ ನಾನೊಬ್ಬನೇ ಒಳಗೆ ಹೋಗಿ ರೊಟ್ಟಿ ಇದೆಯೇ ಎಂದು ಕೇಳಿದೆ. ಇದೆ, ಕೋಳಿ ಸಾರು ಎಷ್ಟು ಪ್ಲೇಟು ಬೇಕು ಎಂದರು. ಅಲ್ಲಿ ರೊಟ್ಟಿ ಎಂದರೆ ಅಕ್ಕಿಯ ತೆಳ್ಳನೆಯ ಒಣ ಹಾಳೆಯಂಥ ಕೋರಿ ರೊಟ್ಟಿ ಎಂದು ಆಮೇಲೆ ತಿಳಿಯಿತು. ಹೊರಗೆ ನಿಂತಿದ್ದ ತಾಯಿಯವರಿಗೆ ಏನೂ ಹೇಳದೆ ಬಾಳೆಹಣ್ಣು ತಂದುಕೊಟ್ಟೆ.

ಮರುದಿನ ಮುರುಡೇಶ್ವರದಲ್ಲಿ ಗಾಡಿ ನಿಲ್ಲಿಸುವ ಜಾಗದಲ್ಲಿ ಕುಳಿತು, ಲೆಕ್ಕ ಬರೆಯುವವನ ಚಟಕ್ಕೆ, ನಂಬರ್ ಪ್ಲೇಟುಗಳನ್ನು ಎಣಿಸಿದೆ. ಒಂದು ಗಂಟೆಯಲ್ಲಿ ಬಂದ 41 ಬಸ್ಸು, ಟೆಂಪೊ, ಕ್ರೂಸರ್‌ಗಳಲ್ಲಿ 17 ನಮ್ಮ ಕಡೆಯವು: ಕೆಎ-32, ಕೆಎ-33, ಕೆಎ-38, ಕೆಎ-28, ಕೆಎ-36. ಇಷ್ಟು ಜನ ನಮ್ಮವರೇ ಇರುವಾಗ ಬಿಸಿ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಝುಣಕ ಕೊಡುವ ಒಂದು ಖಾನಾವಳಿ ಅಲ್ಲಿ ನಡೆಯದೇ ಇರುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಕೈಯಲ್ಲಿ 9 ಲಕ್ಷ ರೂಪಾಯಿ ಇದೆ. ಮುದ್ರಾ ಯೋಜನೆಯಲ್ಲಿ 5 ಲಕ್ಷದವರೆಗೆ ಸಾಲ ಸಿಗಬಹುದೆಂದು ಬ್ಯಾಂಕಿನವರು ಹೇಳಿದ್ದಾರೆ. ಒಬ್ಬ ದಲ್ಲಾಳಿ ಹೊನ್ನಾವರ ತಾಲ್ಲೂಕಿನಲ್ಲಿ ಸಮುದ್ರಕ್ಕೆ ತೀರಾ ಹತ್ತಿರ 5 ಗುಂಟೆ ಜಾಗ ತೋರಿಸಿ, ಬಾಡಿಗೆ ಕಟ್ಟುವುದಕ್ಕಿಂತ ಇದನ್ನೇ ಕೊಂಡು ಶೆಡ್ ಹಾಕಿ ಎನ್ನುತ್ತಿದ್ದಾನೆ. ಮಗಳು 8ನೆಯ ತರಗತಿ, ಮಗ 4ನೆಯ ತರಗತಿ. ಊರಿನಲ್ಲಿ ನಾಲ್ಕು ಎಕರೆ ಒಣಬೇಸಾಯದ ಹೊಲವಿದೆ, ಪಾಲಿಗೆ ಹಾಕಿದ್ದೇವೆ. ಮನೆಯವರು ಹೋಗೋಣ ಎನ್ನುತ್ತಾರೆ, ತಾಯಿಯವರು ಏನೂ ಹೇಳುತ್ತಿಲ್ಲ. ಇಡೀ ಸಂಸಾರವನ್ನು ಕಟ್ಟಿಕೊಂಡು ಐನೂರು ಕಿಲೋಮೀಟರಿನ ಹತ್ತಿರ ದೂರ ಹೋಗುವ ಮುನ್ನ, ಹೋಗಿ ನೋಡಿದವರ ಮಾತು ಕೇಳಬೇಕೆಂದು ಬರೆಯುತ್ತಿದ್ದೇನೆ.

ಉತ್ತರ: ಭಾಲ್ಕಿಯವ, ಗೋಕರ್ಣದಲ್ಲಿ

ಶರಣು. ನಾನು ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನವನು. 2018ರ ನವೆಂಬರಿನಿಂದ ಗೋಕರ್ಣದಲ್ಲಿ 16 ಕುರ್ಚಿಗಳ ಖಾನಾವಳಿ ನಡೆಸುತ್ತಿದ್ದೇನೆ. ನಿಮ್ಮ ವಿಚಾರ ತಪ್ಪಲ್ಲ, ಆದರೆ ಎಣಿಕೆ ತಪ್ಪಾಗಿದೆ.

ನೀವು ಎಣಿಸಿದ ಹದಿನೇಳು ಗಾಡಿಗಳಲ್ಲಿ ಎಷ್ಟರ ಛಾವಣಿಯ ಮೇಲೆ ಗ್ಯಾಸ್ ಸಿಲಿಂಡರ್, ಪಾತ್ರೆಯ ಗೋಣಿಚೀಲ ಇದ್ದವು ಎಂಬುದನ್ನೂ ಎಣಿಸಬೇಕಿತ್ತು. ಡಿಸೆಂಬರಿನ ಶಾಲಾ ಪ್ರವಾಸದ ಬಸ್ಸುಗಳು ಬಹುಮಟ್ಟಿಗೆ ಅಡುಗೆಯವರನ್ನು ಕರೆದುಕೊಂಡೇ ಬರುತ್ತವೆ. ದೊಡ್ಡ ಗುಂಪಿನ ಯಾತ್ರಿಕರೂ ಹಾಗೆಯೇ ದಾರಿಯ ಬದಿಯಲ್ಲಿ ಒಲೆ ಹೂಡುತ್ತಾರೆ. ಧರ್ಮಸ್ಥಳ, ಕೊಲ್ಲೂರುಗಳಂಥ ಕ್ಷೇತ್ರಗಳಲ್ಲಿ ದೇವಸ್ಥಾನದ ಊಟವೇ ಇದೆ. ನಮಗೆ ಉಳಿಯುವ ಗಿರಾಕಿಗಳೆಂದರೆ ಕಾರಿನಲ್ಲಿ ಬರುವ ಕುಟುಂಬಗಳು, ಹತ್ತು ಹನ್ನೆರಡು ಜನರ ಕ್ರೂಸರ್ ಗುಂಪುಗಳು, ನವೆಂಬರಿನಿಂದ ಸಂಕ್ರಾಂತಿಯವರೆಗೆ ಶಬರಿಮಲೆಗೆ ಹೋಗಿ ಬರುವ ಮಾಲಾಧಾರಿಗಳು, ಮತ್ತು 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಇಬ್ಬರು ಮೂವರಾಗಿ ಬರುವ ನಮ್ಮ ಕಡೆಯ ಹೆಣ್ಣುಮಕ್ಕಳು. ಈ ಕೊನೆಯವರು ಒಂದು ಊಟ ತೆಗೆದುಕೊಂಡು ಇಬ್ಬರು ಹಂಚಿಕೊಳ್ಳುತ್ತಾರೆ ಎಂಬುದನ್ನು ಬೇಸರವಿಲ್ಲದೆ ಹೇಳುತ್ತಿದ್ದೇನೆ. ಅವರಿಗೆ ಮೂರನೆಯ ರೊಟ್ಟಿ ಹಾಕುವಾಗ ನಾನು ಲೆಕ್ಕ ಬರೆಯುವುದಿಲ್ಲ.

ಈಗ ರೊಟ್ಟಿಯ ಮಾತು. ಮೊದಲ ವರ್ಷ ನಾನು ಊರಿನಿಂದ ಎರಡು ಕ್ವಿಂಟಲ್ ಜೋಳದ ಹಿಟ್ಟನ್ನು ಬೀಸಿಸಿಕೊಂಡೇ ತಂದಿದ್ದೆ. ಹದಿನೈದನೆಯ ದಿನಕ್ಕೆ ಹಿಟ್ಟು ಜಿಗಿ ಬಿಟ್ಟಿತು. ಎಸರು ಹಾಕಿ ಎಷ್ಟು ನಾದಿದರೂ ಬಡಿಯುವಾಗ ಅಂಚು ಒಡೆಯುತ್ತಿತ್ತು, ಹಂಚಿಗೆ ಹಾಕಲು ಎತ್ತಿದರೆ ಅರ್ಧ ಕೈಯಲ್ಲಿ, ಅರ್ಧ ಕಲ್ಲಿನ ಮೇಲೆ. ರೊಟ್ಟಿ ಬಡಿಯುವ ಅಕ್ಕನವರ ಕೈ ಕೆಟ್ಟಿದೆ ಎಂದು ನಾನು ಸಿಟ್ಟಾದೆ, ಅವರು ಅತ್ತರು. ಕೈಯಲ್ಲ, ಗಾಳಿ ಕೆಟ್ಟಿತ್ತು. ಇಲ್ಲಿಯ ಗಾಳಿಯ ತೇವ ಹಿಟ್ಟನ್ನು ಬಿಡುವುದಿಲ್ಲ. ಆಮೇಲೆ ಮಾಲದಂಡಿ ಬಿಳಿಜೋಳವನ್ನು ಕಾಳಾಗಿಯೇ ತರಿಸಿ ನಾಲ್ಕು ದಿನಕ್ಕೊಮ್ಮೆ ಬೀಸಿಸಲು ಹೊರಟರೆ, ಇಲ್ಲಿಯ ಗಿರಣಿಯವರು ಅಕ್ಕಿ ಬೀಸುವ ಕಲ್ಲಿಗೆ ಜೋಳ ಹಾಕುವುದಿಲ್ಲ ಎಂದರು. ಕೊನೆಗೆ ಸಣ್ಣ ಗಿರಣಿಯನ್ನೇ ಕೊಂಡೆ. ನಿಮ್ಮ ಬಂಡವಾಳದಲ್ಲಿ ಇದನ್ನೂ ಸೇರಿಸಿಕೊಳ್ಳಿ. ಹಿಂಗಾರಿ ಜೋಳದ ರಾಶಿಯಾದ ಮೇಲೆ, ಅಂದರೆ ಮಾರ್ಚ್ ಹೊತ್ತಿಗೆ, ವರ್ಷಕ್ಕಾಗುವಷ್ಟು ಜೋಳವನ್ನು ಊರಿನಲ್ಲಿಯೇ ಕೊಂಡು ಅಲ್ಲಿಯೇ ಇಟ್ಟು, ತಿಂಗಳಿಗೊಮ್ಮೆ ನಾಲ್ಕು ಚೀಲದಂತೆ ತರಿಸುವುದು ಒಳ್ಳೆಯದು. ಇಲ್ಲಿ ಇಟ್ಟರೆ ನುಸಿ ಹಿಡಿಯುತ್ತದೆ.

ನಿಮ್ಮಂಥ ಲೆಕ್ಕದವರಿಗೆ ಲೆಕ್ಕವನ್ನೇ ಕೊಡುತ್ತೇನೆ. ಊಟ 100 ರೂಪಾಯಿ, ಅದರಲ್ಲಿ ಸಾಮಾನಿನ ಖರ್ಚು 45, ಉಳಿಯುವುದು 55. ಬಾಡಿಗೆ 22 ಸಾವಿರ, ನಾಲ್ವರ ಪಗಾರ 56 ಸಾವಿರ, ಗ್ಯಾಸು, ಕರೆಂಟು, ನೀರು, ಅವರ ಕೋಣೆ ಎಲ್ಲ ಸೇರಿ 21 ಸಾವಿರ. ತಿಂಗಳಿಗೆ 99 ಸಾವಿರ ರೂಪಾಯಿ ಹೋಗಿಯೇ ಹೋಗುತ್ತದೆ. ದಿನಕ್ಕೆ 60 ಊಟ ಹೋದರೆ ಅಸಲು ಮಾತ್ರ. ನವೆಂಬರಿನಿಂದ ಜನವರಿಯವರೆಗೆ ನನಗೆ ದಿನಕ್ಕೆ 140 ಊಟ ಹೋಗುತ್ತವೆ, ತಿಂಗಳಿಗೆ 1,32,000 ಉಳಿಯುತ್ತದೆ. ಅಕ್ಟೋಬರ್ ಮತ್ತು ಫೆಬ್ರವರಿಯಿಂದ ಮೇ, ಒಟ್ಟು ಐದು ತಿಂಗಳು ಸರಾಸರಿ 75 ಊಟ, ತಿಂಗಳಿಗೆ 25 ಸಾವಿರಕ್ಕೆ ಸ್ವಲ್ಪ ಕಡಿಮೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಾಗಿಲು ತೆರೆದಿಟ್ಟರೆ ದಿನಕ್ಕೆ 20 ಊಟ, ತಿಂಗಳಿಗೆ 66 ಸಾವಿರ ಕೈಯಿಂದಲೇ. ಎಲ್ಲ ಕೂಡಿಸಿ ಕಳೆದರೆ ವರ್ಷಕ್ಕೆ 2,55,750. ಅಂದರೆ ನೀವು ಗಂಡ ಹೆಂಡತಿ ಈಗ ಕಲಬುರಗಿಯಲ್ಲಿ ದುಡಿಯುತ್ತಿರುವುದಕ್ಕಿಂತ ಕಡಿಮೆ.

ಈ ಲೆಕ್ಕ ನನಗೆ ಅರ್ಥವಾಗಲು ಎರಡು ಮಳೆಗಾಲ ಬೇಕಾಯಿತು. ಮೂರನೆಯದು 2021ರದ್ದು. ಕೊರೊನಾದಿಂದ ಹೇಗೂ ಮುಚ್ಚಿದ್ದೆವು, ಆಗ ಬರೀ ಬಾಡಿಗೆ ಕಟ್ಟಿ ಊರಿಗೆ ಹೋಗಿ ಕುಳಿತಾಗ ಹೊಳೆಯಿತು. ಮಳೆಯ ನಾಲ್ಕು ತಿಂಗಳು ಬೀಗ ಹಾಕಿದರೆ ಹೋಗುವುದು ಬಾಡಿಗೆಯ 88 ಸಾವಿರ ಮಾತ್ರ. ವರ್ಷದ ಉಳಿತಾಯ 4,31,750ಕ್ಕೆ ಏರುತ್ತದೆ. ಕೆಲಸದವರಿಗೂ ಅದೇ ಬೇಕು, ಏಕೆಂದರೆ ಜೂನಿನಲ್ಲಿ ತೊಗರಿ, ಹೆಸರು, ಉದ್ದು ಬಿತ್ತನೆಗೆ ಅವರು ಊರಿನಲ್ಲಿರಬೇಕು.

ಕೆಲಸದವರ ವಿಷಯದಲ್ಲಿ ಇನ್ನೊಂದು ಮಾತು ಇದೆ, ಇದು ಇಲ್ಲಿಯ ಯಾರಿಗೂ ಹೊಳೆಯುವುದಿಲ್ಲ. ನಮ್ಮ ಎಳ್ಳ ಅಮವಾಸಿ ಬೀಳುವುದು ಡಿಸೆಂಬರ್ ಜನವರಿಯ ಗಿರಾಕಿ ತುಂಬಿ ತುಳುಕುವ ದಿನಗಳಲ್ಲಿಯೇ. ಹೊಲದಲ್ಲಿ ಚರಗ ಚೆಲ್ಲುವ ದಿನ ಭಜ್ಜಿ, ಸಜ್ಜಿ ರೊಟ್ಟಿ ಬಿಟ್ಟು ಸಮುದ್ರದ ದಂಡೆಯಲ್ಲಿ ಯಾರಿಗೋ ರೊಟ್ಟಿ ಬಡಿಯುತ್ತ ಕುಳಿತುಕೊಳ್ಳಿ ಎಂದು ಬೀದರ್, ಕಲಬುರಗಿಯ ಹೆಣ್ಣುಮಗಳಿಗೆ ಯಾವ ಬಾಯಿಂದ ಹೇಳುತ್ತೀರಿ? ನಾನು ಒಂದು ವರ್ಷ ಹೇಳಿದೆ. ಮೂವರು ಹೆಣ್ಣುಮಕ್ಕಳೂ ಹೋದರು, ವಾರವಾದರೂ ಬರಲಿಲ್ಲ. ಈಗ ಅಮವಾಸಿಗೆ ನಾಲ್ಕು ದಿನ ನಾನೇ ಅಂಗಡಿ ಮುಚ್ಚಿ ಎಲ್ಲರನ್ನೂ ಗಾಡಿಯಲ್ಲಿ ಕರೆದುಕೊಂಡು ಹೋಗಿ ಬರುತ್ತೇನೆ. ಆ ನಾಲ್ಕು ದಿನದ ವ್ಯಾಪಾರ ಹೋಗುತ್ತದೆ, ಹೋಗಲಿ.

ಉತ್ತರ: ಶರಾವತಿ ಅಳಿವೆ (ಹೊನ್ನಾವರ)

ನಮಸ್ಕಾರ. ನಾನು ಹೊನ್ನಾವರದವನೇ, ಭೂಮಾಪನ ಮತ್ತು ಕಾಗದಪತ್ರದ ಕೆಲಸ ಮಾಡುವವನು. ಖಾನಾವಳಿ ನಡೆಸುವುದರ ಬಗ್ಗೆ ಮೇಲಿನವರು ಹೇಳಿದ ಮೇಲೆ ನಾನು ಹೇಳುವುದೇನೂ ಇಲ್ಲ. ಆ 5 ಗುಂಟೆ ಜಾಗದ ಬಗ್ಗೆ ಮಾತ್ರ ಹೇಳುತ್ತೇನೆ: ದಯವಿಟ್ಟು ಮುಂಗಡ ಕೊಡಬೇಡಿ.

ಸಮುದ್ರಕ್ಕೆ ತೀರಾ ಹತ್ತಿರ ಎಂದು ದಲ್ಲಾಳಿ ಗುಣವಾಗಿ ಹೇಳಿದ್ದೇ ಇಲ್ಲಿ ದೋಷ. ಕಡಲಿನ ಉಬ್ಬರದ ಗೆರೆಯಿಂದ 500 ಮೀಟರಿನವರೆಗಿನ ಭೂಮಿ ಕರಾವಳಿ ನಿಯಂತ್ರಣ ವಲಯಕ್ಕೆ, ಅಂದರೆ ನಾವು ಸಿಆರ್‌ಝಡ್ ಎಂದು ಕರೆಯುವ ನಿಯಮಕ್ಕೆ ಒಳಪಡುತ್ತದೆ. ಹಳ್ಳಿ ಪ್ರದೇಶದಲ್ಲಿ ಆ ಗೆರೆಯಿಂದ 200 ಮೀಟರಿನೊಳಗೆ ಹೊಸ ಕಟ್ಟಡವನ್ನೇ ಕಟ್ಟುವಂತಿಲ್ಲ. 2019ರ ಅಧಿಸೂಚನೆಯು ಜನಸಂಖ್ಯೆ ದಟ್ಟವಾಗಿರುವ, ಅಂದರೆ 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಿಗೆ ಇದನ್ನು 50 ಮೀಟರಿಗೆ ಇಳಿಸಿದೆ, ಆದರೆ ಅದು ಯಾವ ಹಳ್ಳಿಗೆ ಅನ್ವಯಿಸುತ್ತದೆ ಎಂಬುದನ್ನು ಸರ್ಕಾರ ಒಪ್ಪಿದ ನಕ್ಷೆಯೇ ಹೇಳಬೇಕು, ದಲ್ಲಾಳಿಯಲ್ಲ. ಇನ್ನೊಂದು ವಿಷಯ ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ: ಸಮುದ್ರ ಕಾಣದಿದ್ದರೂ ಉಬ್ಬರದ ಉಪ್ಪುನೀರು ಏರಿ ಬರುವ ಹೊಳೆ, ಕೋಡಿಗಳ ದಂಡೆಗೂ ಈ ನಿಯಮವಿದೆ. ಅಲ್ಲಿ ಮೊದಲಿನಿಂದ ಇರುವ ಮೀನುಗಾರರ ಮನೆಗಳಿಗೆ ಕೆಲವು ವಿನಾಯಿತಿಗಳಿವೆ. ಅವರ ಮನೆ ಪಕ್ಕದಲ್ಲಿಯೇ ಇದೆಯಲ್ಲ, ನಾವೂ ಕಟ್ಟಬಹುದು ಎಂದುಕೊಂಡವರ ಶೆಡ್ಡುಗಳಿಗೆ ನೋಟಿಸು ಬಂದದ್ದನ್ನು ನಾನು ನೋಡಿದ್ದೇನೆ.

ಎರಡನೆಯದು, ಉತ್ತರ ಕನ್ನಡ ಜಿಲ್ಲೆಯ ಬಹುಪಾಲು ಅರಣ್ಯ. ಇಲ್ಲಿ ‘ಜಾಗಕ್ಕೆ ಜಿಪಿಎಸ್ ಆಗಿದೆ’ ಎಂದು ಯಾರಾದರೂ ಹೇಳಿದರೆ ಅದು ಮಾಲೀಕತ್ವವಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಅಳತೆ ಮಾಡಿಸಿದ್ದಾರೆ ಎಂದಷ್ಟೇ ಅರ್ಥ. ಆ ಹಕ್ಕು ಮಂಜೂರಾದರೂ ಮಕ್ಕಳಿಗೆ ಬರುತ್ತದೆಯೇ ಹೊರತು ಮಾರುವಂತಿಲ್ಲ. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದು 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿದ್ದು ನಿಜ, ಆದರೆ ಕೊಂಡ ಗದ್ದೆಯಲ್ಲಿ ಹೋಟೆಲ್ ಹಾಕಲು ಭೂಪರಿವರ್ತನೆಯ ಆದೇಶ ಬೇಕು. ಪಂಚಾಯಿತಿ ವ್ಯಾಪ್ತಿಯ ನಿವೇಶನವಾದರೆ ಅದರ ಆಸ್ತಿ ದಾಖಲೆ, ಅಂದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ.

ಬಾಡಿಗೆಗೆ ಹಿಡಿಯುವಾಗಲೂ ಮೂರು ಸಂಗತಿ ನೋಡಿಕೊಳ್ಳಿ. ಹೆದ್ದಾರಿ 66ರ ಬದಿಯ ಅಂಗಡಿಯಾದರೆ ಅದು ಹೆದ್ದಾರಿಯ ಗಡಿಯೊಳಗೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ರಸ್ತೆ ಅಗಲವಾದಾಗ ಎಷ್ಟೋ ಅಂಗಡಿಗಳು ಹೋದವು. ಗುಡ್ಡ ಕಡಿದ ಜಾಗದ ಬುಡದಲ್ಲಿ ಎಷ್ಟೇ ಕಡಿಮೆ ಬಾಡಿಗೆಗೆ ಸಿಕ್ಕರೂ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾದ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬದ ಸಮೇತ ಹೋಯಿತು. ಮೂರನೆಯದು ಬಾವಿ. ನವೆಂಬರಿನಲ್ಲಿ ನೋಡಲು ಬಂದಾಗ ಎಲ್ಲ ಬಾವಿಯ ನೀರೂ ಸಿಹಿಯಾಗಿಯೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಂದು ಒಂದು ಗುಟುಕು ಕುಡಿದು ನೋಡಿ, ಉಪ್ಪಾಗಿದ್ದರೆ ಬೇಸಿಗೆ ಪೂರ್ತಿ ಟ್ಯಾಂಕರ್ ನೀರೇ ಗತಿ.

ಯಾವ ಜಾಗ ಆರಿಸಬೇಕು ಎಂಬ ಬಗ್ಗೆಯೂ ಒಂದು ಮಾತು. ಸಮುದ್ರವನ್ನೇ ನಂಬಿದ ಜಾಗಕ್ಕಿಂತ ದೇವಸ್ಥಾನ ಮತ್ತು ಬಸ್ ನಿಲ್ದಾಣವನ್ನು ನಂಬಿದ ಜಾಗ ವಾಸಿ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಪ್ರವಾಸಕ್ಕೆ ಬಂದ ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡ ಮೇಲೆ ಕಡಲತೀರಕ್ಕೆ ಪ್ರವೇಶವನ್ನೇ ನಿಲ್ಲಿಸಿದ್ದರು. ಮರಳಿನ ಅಂಚಿನ ಅಂಗಡಿಯವರು ಹಂಗಾಮಿನ ನಡುವೆ ಕೈಕಟ್ಟಿ ಕುಳಿತರು. ದೇವರ ದರ್ಶನಕ್ಕೆ ಬರುವವರು ಆಗಲೂ ಬರುತ್ತಿದ್ದರು.

ಒಂದು ಚಿಕ್ಕ ಮಾತು. ಬೋರ್ಡಿನ ಮೇಲೆ ‘ಪುಂಡಿ ಪಲ್ಯ’ ಎಂದು ಬರೆಸುವಾಗ ಪಕ್ಕದಲ್ಲಿ ಸೊಪ್ಪಿನ ಚಿತ್ರ ಹಾಕಿಸಿ. ಮಂಗಳೂರು ಕಡೆಯವರಿಗೆ ಪುಂಡಿ ಎಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ.

ಉತ್ತರ: ಮರಳಿ ಬಂದವ (ಶಹಾಪುರ, ಯಾದಗಿರಿ ಜಿಲ್ಲೆ)

ನಾನು ಉಡುಪಿ ಜಿಲ್ಲೆಯ ಒಂದು ಕಡಲತೀರದಲ್ಲಿ ಮೂರು ವರ್ಷ ಚಹಾ, ಮಿರ್ಚಿ ಭಜಿ, ಸೂಸಲದ ಅಂಗಡಿ ನಡೆಸಿ 2023ರಲ್ಲಿ ಶಹಾಪುರಕ್ಕೆ ಮರಳಿದವನು. ವ್ಯಾಪಾರ ಆಗಲಿಲ್ಲವೆಂದು ಬಂದವನಲ್ಲ, ಆಯಿತೆಂದೇ ಬರಬೇಕಾಯಿತು.

ನಾನು 11 ತಿಂಗಳ ಕರಾರು ಪತ್ರದ ಮೇಲೆ ಅಂಗಡಿ ಹಿಡಿದಿದ್ದೆ, ಏಕೆಂದರೆ ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಮೊದಲ ವರ್ಷ 12 ಸಾವಿರ, ಎರಡನೆಯ ವರ್ಷ 13. ಮೂರನೆಯ ವರ್ಷ ಸಂಜೆ ಹೊತ್ತು ಜನ ಸಾಲು ನಿಲ್ಲುವುದನ್ನು ಮಾಲೀಕರು ಎದುರಿನ ಕಟ್ಟೆಯ ಮೇಲೆ ಕುಳಿತು ನೋಡಿದರು, ಕರಾರು ಮುಗಿದ ದಿನ 25 ಸಾವಿರ ಎಂದರು. ಆಗುವುದಿಲ್ಲ ಎಂದೆ. ನಾನು ಖಾಲಿ ಮಾಡಿದ ಹದಿನೈದು ದಿನಕ್ಕೆ ಅದೇ ಜಾಗದಲ್ಲಿ ಮತ್ತೊಬ್ಬರು ಮಿರ್ಚಿ ಭಜಿ ಅಂಗಡಿ ಇಟ್ಟರು. ನಾನು ಬರೆಸಿದ್ದ ಬೋರ್ಡನ್ನು ಸಹ ತೆಗೆಯಲಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕಾಗುತ್ತದೆ, ಖರ್ಚಾಗುತ್ತದೆ, ಆದರೂ ಮೂರು ವರ್ಷದ್ದನ್ನೇ ಮಾಡಿಸಿ. ವರ್ಷಕ್ಕೆ ಎಷ್ಟು ಏರಿಸಬೇಕು ಎಂಬುದನ್ನು ಅದರಲ್ಲಿಯೇ ಬರೆಸಿ. ಭಾಲ್ಕಿಯವರು ಹೇಳಿದಂತೆ ಮಳೆಗಾಲದಲ್ಲಿ ಬೀಗ ಹಾಕುವವರಾದರೆ, ಆ ನಾಲ್ಕು ತಿಂಗಳಿಗೆ ಅರ್ಧ ಬಾಡಿಗೆ ಎಂದು ಮೊದಲೇ ಮಾತನಾಡಿಕೊಳ್ಳಿ. ಕೆಲವರು ಒಪ್ಪುತ್ತಾರೆ.

ಮಕ್ಕಳ ಬಗ್ಗೆ ಯಾರೂ ಹೇಳಲಿಲ್ಲ. ವ್ಯಾಪಾರದ ವರ್ಷ ಅಕ್ಟೋಬರಿನಿಂದ ಮೇವರೆಗೆ, ಶಾಲೆಯ ವರ್ಷ ಜೂನಿನಿಂದ ಏಪ್ರಿಲಿನವರೆಗೆ. ಮಳೆಗಾಲದಲ್ಲಿ ಊರಿಗೆ ಬರುವುದಾದರೆ ಮಕ್ಕಳು ಎಲ್ಲಿ ಓದಬೇಕು? ನನ್ನ ಮಗ ಎರಡು ವರ್ಷ ಅಲ್ಲಿ ಓದಿದ. ಶಾಲೆ ಚೆನ್ನಾಗಿತ್ತು, ಮಾಸ್ತರರು ಪ್ರೀತಿಯಿಂದ ನೋಡಿಕೊಂಡರು. ಆದರೆ ಅವನು ‘ಹೌದ್ರಿ’ ಎಂದಾಗ ಹುಡುಗರು ನಗುತ್ತಿದ್ದರೆಂದು ನಾಲ್ಕು ತಿಂಗಳು ತರಗತಿಯಲ್ಲಿ ಬಾಯಿಯನ್ನೇ ತೆರೆಯಲಿಲ್ಲ. ಆಮೇಲೆ ಕುಂದಾಪುರದ ಕನ್ನಡವನ್ನೇ ಮಾತನಾಡತೊಡಗಿದ, ಈಗ ಶಹಾಪುರದ ಹುಡುಗರು ನಗುತ್ತಾರೆ.

ನಿಮ್ಮ ಮಗಳು 8ನೆಯ ತರಗತಿ ಎಂದಿದ್ದೀರಿ. ಎಲ್ಲಿಗೆ ಹೋದರೂ ಹೋಗುವ ಮುನ್ನ ಇಬ್ಬರಿಗೂ 371(ಜೆ) ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದವರಿಗೆ ಸಂವಿಧಾನದ ಆ ವಿಧಿಯಡಿ ಸೀಟು, ನೌಕರಿಗಳಲ್ಲಿ ಮೀಸಲಾತಿಯ ಹಕ್ಕಿದೆ, ಆದರೆ ವೃತ್ತಿಶಿಕ್ಷಣದ ಸೀಟಿನ ಹೊತ್ತಿಗೆ ಅಲ್ಲಿಂದ ಬಂದು ಜನನದ ದಾಖಲೆ, ವಾಸದ ದಾಖಲೆ ಎಂದು ಕಚೇರಿ ಸುತ್ತುವುದು ಐನೂರು ಕಿಲೋಮೀಟರ್ ದೂರದವರಿಗೆ ಆಗದ ಮಾತು.

ನಿಮ್ಮ ತಾಯಿಯವರು ಏನೂ ಹೇಳುತ್ತಿಲ್ಲ ಎಂದು ಬರೆದಿದ್ದೀರಿ. ನಮ್ಮ ತಂದೆಯವರೂ ಏನೂ ಹೇಳಿರಲಿಲ್ಲ. ಅಲ್ಲಿ ಹೋದ ಮೇಲೆ ಪ್ರತಿದಿನ ಸಂಜೆ ರಸ್ತೆಗೆ ಬಂದು ನಿಂತು, ಕೆಎ-33 ಗಾಡಿ ಬಂದರೆ ಡ್ರೈವರನನ್ನು ಯಾವ ಊರು ಎಂದು ಕೇಳುತ್ತಿದ್ದರು.

ಉತ್ತರ: ಸೇಡಂ ರಸ್ತೆ (ಕಲಬುರಗಿ)

ನೀವು ಹೋಗುವುದರ ಬದಲು ರೊಟ್ಟಿಯನ್ನೇ ಏಕೆ ಕಳುಹಿಸಬಾರದು? ನಿಮ್ಮ ಮನೆಯವರು ಈಗಾಗಲೇ ಖಡಕ್ ರೊಟ್ಟಿ ಮಾಡುತ್ತಾರೆ. ಸಾರಿಗೆ ನಿಗಮದ ‘ನಮ್ಮ ಕಾರ್ಗೊ’ದಲ್ಲಿ ಪಾರ್ಸೆಲ್ ಹೋಗುತ್ತದೆ. ಗೋಕರ್ಣ, ಮುರುಡೇಶ್ವರದ ನಾಲ್ಕು ಸಸ್ಯಾಹಾರಿ ಹೋಟೆಲುಗಳ ಜೊತೆ ಮಾತನಾಡಿ, ಅವರೇ ಪಲ್ಯ ಮಾಡಿಕೊಳ್ಳಲಿ, ರೊಟ್ಟಿ ಮತ್ತು ಹಿಂಡಿ ನಿಮ್ಮದಿರಲಿ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿ, ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ ಹಾಕಿ. 9 ಲಕ್ಷ ಬ್ಯಾಂಕಿನಲ್ಲಿಯೇ ಇರಲಿ.

ಉತ್ತರ: ಭಾಲ್ಕಿಯವ, ಗೋಕರ್ಣದಲ್ಲಿ

ಸೇಡಂ ರಸ್ತೆಯವರ ಸಲಹೆ ಕಾಗದದ ಮೇಲೆ ಚೆನ್ನಾಗಿದೆ, ಆದರೆ ಖಡಕ್ ರೊಟ್ಟಿ ಈ ಗಾಳಿಗೆ ಖಡಕ್ಕಾಗಿ ಉಳಿಯುವುದಿಲ್ಲ. 2019ರ ಜುಲೈನಲ್ಲಿ ಊರಿನಿಂದ ತರಿಸಿದ 600 ರೊಟ್ಟಿಯನ್ನು ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದೆ, ನಾವು ಊರಿನಲ್ಲಿ ಇಡುವಂತೆಯೇ. ಐದನೆಯ ದಿನ ಕೆಳಗಿನವುಗಳ ಮೇಲೆ ಹಸಿರು ಬೂಸರು ಬಂದಿತ್ತು. ಒಣ ಹವೆಯ ಚಳಿಗಾಲದಲ್ಲಿ ಏನಾಗುತ್ತದೆ ಎಂದು ನಾನು ಮತ್ತೆ ಪರೀಕ್ಷಿಸಿಲ್ಲ, ಆ ಹೊತ್ತಿನಲ್ಲಿ ನಮ್ಮಲ್ಲಿ ಬಿಸಿ ರೊಟ್ಟಿಯೇ ನಡೆಯುತ್ತದೆ.

ಪ್ರಶ್ನೆ ಕೇಳಿದವರು: ಗಂಜ್ ಗುಮಾಸ್ತ

ಎಲ್ಲರ ಉತ್ತರವನ್ನು ಮನೆಯಲ್ಲಿ ಓದಿ ಹೇಳಿದೆ. ಛಾವಣಿಯ ಮೇಲಿನ ಸಿಲಿಂಡರ್ ಎಣಿಸಲಿಲ್ಲ ಎಂಬ ಮಾತಿಗೆ ಮನೆಯವರು ನಕ್ಕರು, ಏಕೆಂದರೆ ನಮ್ಮ ಟೆಂಪೊದ ಮೇಲೂ ಒಂದು ಇತ್ತು. ಗ್ಯಾಸ್ ತೀರಿದ್ದರಿಂದ ಅದು ಎರಡನೆಯ ದಿನದಿಂದ ಸುಮ್ಮನೆ ಕುಳಿತಿತ್ತು.

ಜಾಗ ಕೊಳ್ಳುವ ವಿಚಾರ ಬಿಟ್ಟಿದ್ದೇನೆ, ದಲ್ಲಾಳಿಗೆ ಫೋನಿನಲ್ಲಿ ತಿಳಿಸಿದೆ. ನಮೂನೆ 9 ಮತ್ತು 11 ಇದೆಯೇ ಎಂದು ಕೇಳಿದ್ದಕ್ಕೆ ಅವನು ಆಮೇಲೆ ಮಾತನಾಡುತ್ತೇನೆ ಎಂದವನು ಮತ್ತೆ ಕರೆ ಮಾಡಿಲ್ಲ. ಸಂಸಾರ ಸಮೇತ ಹೋಗುವುದನ್ನೂ ಸದ್ಯಕ್ಕೆ ಬಿಟ್ಟೆವು. ಈಗಿನ ವಿಚಾರ ಹೀಗಿದೆ: ಬರುವ ನವೆಂಬರಿನಿಂದ ಜನವರಿ ಕೊನೆಯವರೆಗೆ ಮೂರು ತಿಂಗಳು, ನಡೆಯುತ್ತಿರುವ ಯಾವುದಾದರೂ ಹೋಟೆಲಿನ ಒಂದು ಮಗ್ಗುಲನ್ನು ಬಾಡಿಗೆಗೆ ಹಿಡಿದು ರೊಟ್ಟಿ ಊಟ ಮಾತ್ರ ನಡೆಸಿ ನೋಡುವುದು. ನಾನು ಮತ್ತು ರೊಟ್ಟಿ ಬಡಿಯುವ ಇಬ್ಬರು ಹೋಗುತ್ತೇವೆ, ಮನೆಯವರು ಮಕ್ಕಳೊಂದಿಗೆ ಇಲ್ಲಿಯೇ ಇದ್ದು ಅಂಗಡಿಗಳಿಗೆ ಕೊಡುವ ರೊಟ್ಟಿಯನ್ನು ಮುಂದುವರಿಸುತ್ತಾರೆ. ಅವರ ಜೊತೆಯ ಇಬ್ಬರನ್ನೇ ನಾನು ಕರೆದುಕೊಂಡು ಹೋದರೆ ಇಲ್ಲಿ ಯಾರು ಬಡಿಯಬೇಕು ಎಂಬ ಜಗಳ ಇನ್ನೂ ಬಗೆಹರಿದಿಲ್ಲ. ಮಿಲ್ಲಿನ ಮಾಲೀಕರು ಸಂಬಳವಿಲ್ಲದ ರಜೆಗೆ ಒಪ್ಪಿದ್ದಾರೆ, ಆದರೆ ಜನವರಿಯಲ್ಲಿ ತೊಗರಿ ಆವಕ ಆರಂಭವಾಗುವುದರಿಂದ ಸಂಕ್ರಾಂತಿಗೆ ಬಂದೇ ಬಿಡಬೇಕು ಎಂದಿದ್ದಾರೆ. ಎಳ್ಳ ಅಮವಾಸಿಗೆ ನಾಲ್ಕು ದಿನ ಮುಚ್ಚುವುದು ಎಂದು ಇಬ್ಬರು ಹೆಣ್ಣುಮಕ್ಕಳಿಗೂ ಈಗಲೇ ಮಾತು ಕೊಟ್ಟಿದ್ದೇನೆ. 371(ಜೆ) ಅರ್ಜಿ ಹಾಕಿದ್ದಾಯಿತು.

ಸೇಡಂ ರಸ್ತೆಯವರ ಸಲಹೆಯನ್ನೂ ಬಿಟ್ಟಿಲ್ಲ. ಹೊನ್ನಾವರದವರಲ್ಲಿ ಒಂದು ವಿನಂತಿ: ತಮ್ಮ ಒಪ್ಪಿಗೆಯ ಮೇರೆಗೆ 40 ಖಡಕ್ ರೊಟ್ಟಿಗಳ ಪಾರ್ಸೆಲ್ ಕಳುಹಿಸಿದ್ದೇನೆ. 20 ಕಾಗದದಲ್ಲಿ ಸುತ್ತಿದ್ದು, 20 ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಯಲ್ಲಿ. ದಿನಕ್ಕೊಂದು ಮುರಿದು ನೋಡಿ ತಿಳಿಸಬೇಕು. ಹಿಂಡಿ ತಮಗಾಗಿ, ಅದು ಪರೀಕ್ಷೆಗಲ್ಲ.

ಉತ್ತರ: ಶರಾವತಿ ಅಳಿವೆ (ಹೊನ್ನಾವರ)

ಪಾರ್ಸೆಲ್ ಬಂದು ಒಂಬತ್ತು ದಿನವಾಯಿತು. ಕಾಗದದಲ್ಲಿದ್ದವು ಎರಡನೆಯ ದಿನ ಬೆಳಿಗ್ಗೆ ಮುರಿಯುವ ಬದಲು ಬಾಗಿದವು. ಒಲೆಯ ಮೇಲೆ ಹಿಡಿದರೆ ಮತ್ತೆ ಗರಿಯಾಗುತ್ತವೆ, ಆದರೆ ಹೋಟೆಲಿನವರು ಅಷ್ಟು ತಾಳ್ಮೆ ತೋರಿಸುವುದಿಲ್ಲ. ಡಬ್ಬಿಯಲ್ಲಿದ್ದವು ಏಳನೆಯ ದಿನವೂ ಟಪ್ಪೆಂದು ಮುರಿದವು. ಎಂಟನೆಯ ದಿನದ ಫಲಿತಾಂಶ ಹೇಳಲಾರೆ, ಏಕೆಂದರೆ ನಾನು ಕೆಲಸಕ್ಕೆ ಹೋಗಿದ್ದಾಗ ಮಗಳು ಮತ್ತು ಅವಳ ಅಜ್ಜಿ ಉಳಿದವನ್ನೆಲ್ಲ ಹಿಂಡಿಯ ಜೊತೆ ಮುಗಿಸಿದ್ದರು. ಖಾಲಿ ಡಬ್ಬಿಯನ್ನು ಶನಿವಾರದ ಬಸ್ಸಿಗೆ ಹಾಕುತ್ತೇನೆ. ಈ ಸಲ ಮೂವತ್ತು ಕಳುಹಿಸಿ.